ಕಾಲಹಾರಿಯ ಕಾಡುರೇಷ್ಮೆ: ಗೂಡು ಕಟ್ಟಿದ ಹುಳ ಯಾವುದು, ನೂಲು ಯಾಕೆ ಬಿಚ್ಚುವುದಿಲ್ಲ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆತನ. ಬೋಟ್ಸ್ವಾನಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಅಲ್ಲಿಯ ಸಾನ್ ಜನ ಕುಣಿಯುವಾಗ ಕಾಲಿಗೆ ಸುತ್ತಿಕೊಳ್ಳುವ ಒಂದು ಸರ ತಂದಿದ್ದಾನೆ. ಪೂರ್ತಿ ಗೂಡುಗಳನ್ನೇ ಪೋಣಿಸಿ ಮಾಡಿದ್ದು. ಒಳಗೆ ಸಣ್ಣ ಕಲ್ಲುಗಳಿವೆ, ಗೆಜ್ಜೆಯ ಹಾಗೆ ಸದ್ದು ಮಾಡುತ್ತದೆ. ಒಂದು ಗೂಡನ್ನು ಬಿಡಿಸಿ ಅರ್ಧ ಗಂಟೆ ಕುದಿಯುವ ನೀರಿನಲ್ಲಿ ಹಾಕಿ ನೋಡಿದೆ, ಎಳೆ ಬಿಡಲೇ ಇಲ್ಲ. ಕೈಯೆಲ್ಲ ತುರಿಕೆ ಬಂತು. ಇದು ಯಾವ ಹುಳ? ಇದರ ಜೀವನ ಹೇಗೆ? ನೂಲು ತೆಗೆಯಲು ಆಗುತ್ತದೆಯೇ? ಜಾಲಿ ಸೊಪ್ಪು ತಿನ್ನುವ ಹುಳ ಎಂದು ತಮ್ಮ ಹೇಳುತ್ತಾನೆ. ನಮ್ಮಲ್ಲಿ ಜಾಲಿಗೇನು ಕೊರತೆ, ಇಲ್ಲೇ ಸಾಕಬಹುದೇ?

ಉತ್ತರ: ನಿಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಗೊನೊಮೆಟಾ ಪೋಸ್ಟಿಕಾ ಎಂಬ ಪತಂಗದ ಗೂಡು. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಕಾಲು ಸರಕ್ಕೆ ಬಳಸುವ ಗೂಡುಗಳು ಮುಖ್ಯವಾಗಿ ಮೂರು ಜಾತಿಯವು. ಒಂದು ಇದು. ಎರಡನೆಯದು ಇದರ ದಾಯಾದಿ ಗೊನೊಮೆಟಾ ರೂಫೊಬ್ರೂನಿಯಾ, ಮೋಪಾನೆ ಎಂಬ ಮರವನ್ನೇ ನಂಬಿ ಬದುಕುವ ಜಾತಿ. ಸರ ಬಂದದ್ದು ಬೋಟ್ಸ್ವಾನಾದ ಈಶಾನ್ಯದ ಮೋಪಾನೆ ಕಾಡಿನ ಕಡೆಯಿಂದಾದರೆ ಅದೂ ಇರಬಹುದು, ಗೂಡು ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಮೂರನೆಯದು ಆಫ್ರಿಕಾದ ಚಂದ್ರಪತಂಗ, ಆರ್ಜಿಮಾ ಮಿಮೋಸೆ. ಅದರ ಗೂಡು ಬೆಳ್ಳಿಯ ಹೊಳಪಿನದು, ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ, ಮುಟ್ಟಿದರೆ ತುರಿಕೆ ಬರುವುದಿಲ್ಲ. ಗೊನೊಮೆಟಾ ಗೂಡಿನ ಗೋಡೆಯಲ್ಲಿ ಅಂಥ ತೂತುಗಳಿಲ್ಲ, ಮೇಲೆಲ್ಲ ಗಿಡ್ಡ ಕೂದಲು ಚುಚ್ಚಿಕೊಂಡಿರುತ್ತದೆ. ನಿಮಗೆ ತುರಿಕೆ ಬಂದದ್ದೇ ಗುರುತು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಮೋಪಾನೆ ಹುಳ ಎಂದು ಅಲ್ಲಿನ ಸಂತೆಗಳಲ್ಲಿ ಒಣಗಿಸಿ ಮಾರುವ, ಜನ ಇಷ್ಟಪಟ್ಟು ತಿನ್ನುವ ಹುಳವೇ ಬೇರೆ. ಅದು ಗೊನಿಂಬ್ರೇಸಿಯಾ ಬೆಲೀನಾ. ಅದು ಗೂಡು ಕಟ್ಟುವುದಿಲ್ಲ, ಮಣ್ಣಿನೊಳಗೆ ಇಳಿದು ಪ್ಯೂಪಾ (ಹುಳ ಪತಂಗವಾಗುವ ನಡುವಿನ ಅವಸ್ಥೆ) ಆಗುತ್ತದೆ. ಮೋಪಾನೆ ಮರದಲ್ಲೇ ಇರುವುದರಿಂದ ಎರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ.

ಕುಲದ ಲೆಕ್ಕದಲ್ಲೂ ಗೊನೊಮೆಟಾ ನಿಮಗೆ ಹೊಸದು. ಹಿಪ್ಪುನೇರಳೆ ಹುಳ ಬಾಂಬಿಸಿಡೇ ಕುಟುಂಬದ್ದು. ನಮ್ಮ ದೇಶದ ಬೇರೆ ರೇಷ್ಮೆಗಳಾದ ತಸರ್, ಎರಿ, ಮೂಗಾ ಮೂರರ ಹುಳುಗಳೂ ಸ್ಯಾಟರ್ನೈಡೇ. ಇದು ಲೇಸಿಯೋಕ್ಯಾಂಪಿಡೇ ಎಂಬ ಮೂರನೆಯ ಕುಟುಂಬ. ಮಡಗಾಸ್ಕರ್‌ನಲ್ಲಿ ಸತ್ತವರಿಗೆ ಹೊದಿಸುವ ಬಟ್ಟೆಗೆ ನೂಲು ಕೊಡುವ ಬೊರೊಸೆರಾ ಹುಳವೂ ಇದೇ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಹುಳುಗಳು ಹೆಚ್ಚಾಗಿ ಮೈತುಂಬ ಕೂದಲಿರುವವು. ನಮ್ಮ ಮಾತಿನಲ್ಲಿ ಹೇಳುವುದಾದರೆ ನಿಮ್ಮ ಗೂಡು ಕಟ್ಟಿದ್ದು ಒಂದು ದೊಡ್ಡ ಕಂಬಳಿಹುಳ.

ಗೊನೊಮೆಟಾ ಪೋಸ್ಟಿಕಾಗೆ ಈ ಹೆಸರು ಬಿದ್ದದ್ದು 1855ರಲ್ಲಿ. ದಕ್ಷಿಣ ಆಫ್ರಿಕಾದ ಉತ್ತರ ಭಾಗ, ಬೋಟ್ಸ್ವಾನಾ, ನಮೀಬಿಯಾ ಸೇರಿದ ಕಾಲಹಾರಿಯ ಒಣ ಪ್ರದೇಶ ಇದರ ಮುಖ್ಯ ನೆಲೆ. ಕೀನ್ಯಾದಲ್ಲಿ ಮ್ವಿಂಗಿಯ ಇಂಬಾ, ಮುಮೋನಿ ಕುರುಚಲು ಕಾಡುಗಳಲ್ಲೂ ಇದೆ. ಆಹಾರದ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ಸರಿ. ಒಂಟೆಮುಳ್ಳು ಎಂದು ಕರೆಯುವ ವಚೆಲಿಯಾ ಎರಿಯೊಲೋಬಾ, ಕೊಡೆಯಾಕಾರದ ವಚೆಲಿಯಾ ಟಾರ್ಟಿಲಿಸ್, ಕೊಕ್ಕೆಮುಳ್ಳಿನ ಸೆನೆಗಾಲಿಯಾ ಮೆಲಿಫೆರಾ, ಈ ಮೂರೂ ಜಾಲಿಯ ಬಳಗದವೇ. ಅಮೆರಿಕದಿಂದ ಬಂದು ಅಲ್ಲಿ ಹಬ್ಬಿರುವ ಪ್ರೊಸೋಪಿಸ್ ಗಿಡದ ಮೇಲೂ ಹುಳ ಬೆಳೆಯುತ್ತದೆ. ನಮ್ಮ ಬಳ್ಳಾರಿ ಜಾಲಿ ಅದರದೇ ಹತ್ತಿರದ ಸಂಬಂಧಿ.

ವರ್ಷಕ್ಕೆ ಸಾಮಾನ್ಯವಾಗಿ ಎರಡು ತಲೆಮಾರು. ಕಾಲಹಾರಿಯಲ್ಲಿ ಚಳಿಗಾಲವನ್ನು ಗೂಡಿನೊಳಗೆ ಕಳೆದ ಪ್ಯೂಪಾಗಳು, ಬಿಸಿಲೇರಿ ಮುಳ್ಳುಮರಗಳು ಚಿಗುರುವ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಪತಂಗಗಳಾಗಿ ಹೊರಬರುತ್ತವೆ. ಆ ಮೊಟ್ಟೆಯ ಹುಳುಗಳು ವರ್ಷದ ಕೊನೆಯ ಹೊತ್ತಿಗೆ ಗೂಡು ಕಟ್ಟಿ, ಬೇಸಿಗೆಯ ನಡುವೆ ಮತ್ತೆ ಪತಂಗವಾಗುತ್ತವೆ (ಅಲ್ಲಿಯ ಬೇಸಿಗೆ ನಮ್ಮ ಡಿಸೆಂಬರ್-ಜನವರಿಯಲ್ಲಿ). ಎರಡನೆಯ ತಲೆಮಾರಿನ ಹುಳುಗಳು ಫೆಬ್ರವರಿಯಿಂದ ಏಪ್ರಿಲ್ ತನಕ ಮೇಯ್ದು ಗೂಡಿಗೆ ಸೇರಿದರೆ ಮುಂದಿನ ಚಿಗುರಿನವರೆಗೂ ಅಲ್ಲೇ. ಕೀನ್ಯಾದಲ್ಲಿ ಎರಡು ಮಳೆಗಾಲಗಳಿರುವುದರಿಂದ ತಿಂಗಳುಗಳು ಬೇರೆ, ಕ್ರಮ ಅದೇ: ಮಳೆ, ಚಿಗುರು, ಹುಳ.

ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಎಲ್ಲ ಗೂಡೂ ಒಟ್ಟಿಗೆ ಒಡೆಯುವುದಿಲ್ಲ. ಕೆಲವು ಪ್ಯೂಪಾಗಳು ಒಂದು ಹಂಗಾಮನ್ನು ಬಿಟ್ಟುಕೊಟ್ಟು ಮಲಗೇ ಇರುತ್ತವೆ, ವರ್ಷ ಕಳೆದ ಮೇಲೆ ಬರುವವೂ ಇವೆ. ಮಳೆ ಕೈಕೊಡುವ ನಾಡಿನಲ್ಲಿ ಎಲ್ಲ ಸಂತಾನವೂ ಒಂದೇ ಹಂಗಾಮನ್ನು ನೆಚ್ಚಿ ಹೊರಬಂದರೆ, ಆ ವರ್ಷ ಚಿಗುರು ಬರದಿದ್ದಾಗ ವಂಶವೇ ಅಳಿಯುತ್ತದೆ. ಗೂಡಿನ ಗಟ್ಟಿತನಕ್ಕೂ, ಅದು ನಿಮ್ಮ ಕುದಿನೀರಿಗೆ ಜಗ್ಗದಿರುವುದಕ್ಕೂ ಕಾರಣ ಇಲ್ಲಿದೆ. ಹಿಪ್ಪುನೇರಳೆ ಹುಳದ ಗೂಡು ಹತ್ತು ಹನ್ನೆರಡು ದಿನದ ಮನೆ. ಇದು ತಿಂಗಳುಗಟ್ಟಲೆ ಬಾಳಬೇಕಾದ ಮನೆ. ಹಗಲಿನ ಉರಿಬಿಸಿಲು, ಚಳಿಗಾಲದ ರಾತ್ರಿಯ ಹಿಮ, ಹಕ್ಕಿಯ ಕೊಕ್ಕು, ಇಲಿಯ ಹಲ್ಲು ಎಲ್ಲವನ್ನೂ ತಡೆಯಬೇಕು.

ಪತಂಗ ಹೊರಬರುವುದು ಗೂಡಿನ ಒಂದು ತುದಿಯಿಂದ. ಒಸರುವ ದ್ರವದಿಂದ ಆ ತುದಿಯನ್ನು ನೆನೆಸಿ ಮೆತ್ತಗೆ ಮಾಡಿ, ಎಳೆಗಳನ್ನು ಸರಿಸಿಕೊಂಡು ಬರುತ್ತದೆ. ಹೆಣ್ಣು ಗಂಡಿಗಿಂತ ಎಷ್ಟೋ ದೊಡ್ಡದು. ಗೂಡಿನಲ್ಲೂ ಆ ವ್ಯತ್ಯಾಸ ಕಾಣುತ್ತದೆ, ನಿಮ್ಮ ಸರದಲ್ಲಿ ಉದ್ದಕ್ಕೆ, ದಪ್ಪಕ್ಕೆ ಇರುವ ಗೂಡುಗಳು ಹೆಣ್ಣಿನವು. ಹೊರಬರುವಾಗಲೇ ಹೆಣ್ಣಿನ ಹೊಟ್ಟೆ ಮೊಟ್ಟೆಗಳಿಂದ ತುಂಬಿರುತ್ತದೆ. ಅಷ್ಟು ಭಾರ ಹೊತ್ತು ದೂರ ಹಾರಲಾಗದು. ಹಾಗಾಗಿ ಹತ್ತಿರದಲ್ಲೇ ಕುಳಿತು ವಾಸನೆ ಬಿಡುತ್ತದೆ, ಅದರ ಜಾಡು ಹಿಡಿದು ಗಂಡುಗಳು ಹುಡುಕಿಕೊಂಡು ಬರುತ್ತವೆ. ಪತಂಗಕ್ಕೆ ಉಣ್ಣುವ ಬಾಯಿಯಿಲ್ಲ. ಹುಳವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯ ಸಂಖ್ಯೆ ನೂರರ ಲೆಕ್ಕದಲ್ಲಿ.

ಹುಳದ ಅವಸ್ಥೆ ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ನಿಮ್ಮ ಹಿಪ್ಪುನೇರಳೆ ಹುಳಕ್ಕೆ ನಾಲ್ಕು ಜ್ವರ (ಮೇವು ಬಿಟ್ಟು ಚರ್ಮ ಕಳಚುವ ಹೊತ್ತು), ಐದು ಹಂತ. ಇದಕ್ಕೆ ಐದು ಜ್ವರ, ಆರು ಹಂತ. ಕೊನೆಯ ಹಂತದ ಹುಳ ಬೆರಳಿಗಿಂತ ದಪ್ಪ. ಬೆನ್ನಿನ ಮೇಲಿನ ಗಿಡ್ಡ, ಕಪ್ಪು ಮುಳ್ಳುಗೂದಲೇ ತುರಿಕೆಯ ಮೂಲ. ಗೂಡು ಕಟ್ಟುವಾಗ ಹುಳ ಈ ಕೂದಲನ್ನೂ ಹೊರಗೋಡೆಗೆ ಸೇರಿಸಿಬಿಡುತ್ತದೆ. ಹುಳಕ್ಕಿದ್ದ ರಕ್ಷಣೆ ಹೀಗೆ ಪ್ಯೂಪಾಕ್ಕೂ ಸಿಗುತ್ತದೆ. ಕೂದಲಿನ ತುದಿ ಎಷ್ಟೋ ವರ್ಷದ ನಂತರವೂ ಚುಚ್ಚಬಲ್ಲದು, ಗೂಡು ಹಳತಾಯಿತೆಂದು ನಂಬಬೇಡಿ.

ಈಗ ಗೋಡೆಯ ವಿಷಯ. ಎಳೆ, ಅಂಟು, ಹರಳು ಮೂರೂ ಸೇರಿದ ಗೋಡೆ ಇದು. ಎಳೆ ಫೈಬ್ರಾಯಿನ್, ಅಂಟು ಸೆರಿಸಿನ್, ಅಲ್ಲಿಗೆ ನಿಮಗೆ ಗೊತ್ತಿರುವುದೇ. ಮೂರನೆಯದು ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಇದು ನೀರಿನಲ್ಲಿ ಕರಗುವುದಿಲ್ಲ, ಕುದಿಸಿದರೂ ಅಷ್ಟೇ. ಹರಳುಗಳು ಅಂಟಿನ ಮೇಲೆ, ಎಳೆಗಳ ನಡುವೆ ಕೂತು ಅಂಟನ್ನು ನೀರಿಗೆ ಸಿಗದಂತೆ ಮಾಡಿರುತ್ತವೆ. ಹಿಪ್ಪುನೇರಳೆ ಗೂಡು ಬಿಸಿನೀರಿನಲ್ಲೇ ಎಳೆ ಬಿಡುವುದಕ್ಕೂ ಇದು ಬಿಡದಿರುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ತಸರ್ ಗೂಡಿನಲ್ಲೂ ಇದೇ ಹರಳಿದೆ. ತಸರ್ ನೂಲು ತೆಗೆಯುವವರು ಗೂಡನ್ನು ಮೊದಲು ಸೋಡಾ ಮುಂತಾದವುಗಳಲ್ಲಿ ಬೇಯಿಸುವುದನ್ನು ನೀವು ಕೇಳಿರಬಹುದು.

ಹಾಗಾದರೆ ನೂಲು? ನಿಮ್ಮ ಸರದ ಗೂಡಿನಿಂದ ಚರಕದಲ್ಲಿ ಎಳೆ ಬಿಚ್ಚಲು ಯಾವ ಉಪಾಯದಿಂದಲೂ ಆಗದು. ಕಲ್ಲು ತುಂಬಲು ಗೂಡನ್ನು ಕೊಯ್ದಿರುತ್ತಾರೆ, ಅಲ್ಲಿಗೆ ಎಳೆ ನೂರು ತುಂಡು. ಪತಂಗ ಹಾರಿಹೋದ ಗೂಡಿನ ಪಾಡೂ ಇಂಥದ್ದೇ. ಅಂಥ ಗೂಡಿನಿಂದ ಸಿಗುವುದು ಹತ್ತಿಯಂತೆ ಎಕ್ಕಿ, ನೂಲಬೇಕಾದ ನಾರು. ಆಫ್ರಿಕಾದಲ್ಲಿ ಈ ರೇಷ್ಮೆಯ ಬಟ್ಟೆ ಬಹುಪಾಲು ಹೀಗೆ ನೂತದ್ದೇ.

ಒಡೆಯದ, ಇಡಿಯಾದ ಗೂಡಿನ ಮಾತು ಬೇರೆ. 2011ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ನೈರೋಬಿಯ ಐಸಿಪೆ ಕೀಟ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದೇ ಗೊನೊಮೆಟಾ ಪೋಸ್ಟಿಕಾ ಗೂಡನ್ನು ಇಡಿಟಿಎ ದ್ರಾವಣದಲ್ಲಿ ನೆನೆಸಿ ಎಳೆ ಬಿಚ್ಚಿ ತೋರಿಸಿದರು. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದು ಹರಳನ್ನು ಕರಗಿಸುತ್ತದೆ, ಆದರೆ ಫೈಬ್ರಾಯಿನ್ ತಂಟೆಗೆ ಹೋಗುವುದಿಲ್ಲ. ಹರಳು ಹೋದ ಮೇಲೆ ಅಂಟು ನೀರಿಗೆ ಮೆತ್ತಗಾಗಿ ಎಳೆ ಉದ್ದಕ್ಕೆ ಬರುತ್ತದೆ. ಕ್ಷಾರದಲ್ಲಿ ಬೇಯಿಸುವಾಗ ಎಳೆಗೆ ಆಗುವ ಪೆಟ್ಟು ಇದರಲ್ಲಿ ತಪ್ಪುತ್ತದೆ. ಕಷ್ಟವೆಂದರೆ ಇಡಿಯಾದ ಗೂಡು ಬೇಕೆಂದರೆ ಒಳಗಿನ ಜೀವವನ್ನು ಕೊಲ್ಲಲೇಬೇಕು. ಕಾಡಿನ ಹುಳದಲ್ಲಿ ಅದಕ್ಕೆ ತೆರುವ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ನಿಮಗೆ ನಾರು ತೆಗೆದು ನೋಡುವ ಆಸೆಯಿದ್ದರೆ, ಸರದಿಂದ ಈಗಾಗಲೇ ಬಿಡಿಸಿರುವ ಗೂಡೊಂದೇ ಸಾಕು. ಮೊದಲು ರಬ್ಬರ್ ಕೈಗವಸು, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಗೂಡನ್ನು ಒಣಗಿದ್ದಾಗ ಉಜ್ಜಬೇಡಿ, ಕೂದಲು ಗಾಳಿಗೆ ಹಾರಿ ಕಣ್ಣು, ಗಂಟಲು ಸೇರುತ್ತದೆ. ಸೋಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ನೀರಿನೊಳಗೇ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹೊರಮೈ ತಿಕ್ಕಿ, ಎರಡು ಮೂರು ಸಲ ನೀರು ಬದಲಿಸಿ. ನಂತರ ಗೂಡನ್ನು ಉದ್ದಕ್ಕೆ ಸೀಳಿ ಒಳಗಿನ ಪ್ಯೂಪಾ ಸಿಪ್ಪೆ, ಕಳಚಿದ ಚರ್ಮ ಪೂರ್ತಿ ತೆಗೆಯಿರಿ. ಅದು ಉಳಿದರೆ ನಾರಿನ ತುಂಬ ಕಂದು ಚೂರುಗಳಾಗಿ ಹರಡಿಕೊಳ್ಳುತ್ತದೆ, ಆಮೇಲೆ ಆರಿಸಲು ಆಗುವುದಿಲ್ಲ.

ಬೇಯಿಸಲು ಒಂದು ಲೀಟರ್ ನೀರಿಗೆ 5 ಗ್ರಾಂ ಸೋಡಾ ಆಶ್. ಅಂಗಡಿಯಲ್ಲಿ ಹರಳು ಹರಳಾದ ವಾಷಿಂಗ್ ಸೋಡಾ ಸಿಕ್ಕರೆ ಅದರಲ್ಲಿ ನೀರಿನಂಶ ಹೆಚ್ಚು, ಆಗ 13ರಿಂದ 14 ಗ್ರಾಂ ಬೇಕು. ಅಡುಗೆ ಸೋಡಾ ಸಾಲದು. ಕಾಸ್ಟಿಕ್ ಸೋಡಾ ಖಂಡಿತ ಬೇಡ, ಬಿಸಿಯಲ್ಲಿ ಅದು ರೇಷ್ಮೆಯನ್ನೇ ಕರಗಿಸಿಬಿಡುತ್ತದೆ. ಪಾತ್ರೆ ಸ್ಟೀಲ್‌ನದ್ದಾಗಿರಲಿ, ಅಲ್ಯೂಮಿನಿಯಂ ಅನ್ನು ಸೋಡಾ ತಿನ್ನುತ್ತದೆ. ಒಂದು ಲೀಟರ್‌ಗೆ 20 ಗ್ರಾಂ ಗೂಡಿಗಿಂತ ಹೆಚ್ಚು ಹಾಕಬೇಡಿ. ಕುದಿ ಬರುವ ಮುಂಚಿನ ಬಿಸಿಯಲ್ಲಿ ಒಂದು ಗಂಟೆ ಇಟ್ಟು, ಒಂದು ಚೂರನ್ನು ತೆಗೆದು ಬೆರಳಿನಲ್ಲಿ ಹಿಂಜಿ ನೋಡಿ. ಕಾಗದದ ಹಾಗೆ ಹರಿದರೆ ಅಂಟು ಇನ್ನೂ ಇದೆ, ಆ ನೀರು ಚೆಲ್ಲಿ ಹೊಸ ಸೋಡಾ ನೀರಿನಲ್ಲಿ ಮತ್ತೆ ಅರ್ಧ ಗಂಟೆ. ಎಳೆ ಎಳೆಯಾಗಿ ಬಿಡಿಸಿಕೊಂಡರೆ ಆಯಿತು. ಒಂದೇ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುವವರು ಕೊನೆಗೆ ಹೊಳಪಿಲ್ಲದ, ಎಳೆದರೆ ಪಟಪಟ ಮುರಿಯುವ ನಾರು ಪಡೆಯುತ್ತಾರೆ. ಬಿಟ್ಟ ಅಂಟು, ಹರಳು ಆ ನೀರಿನಲ್ಲೇ ಉಳಿದು ಮತ್ತೆ ನಾರಿಗೆ ಹತ್ತುತ್ತದೆ, ಕ್ಷಾರ ಮಾತ್ರ ಎಳೆಯನ್ನು ತಿನ್ನುತ್ತಲೇ ಇರುತ್ತದೆ. ಬೆಂದ ಮೇಲೆ ಬಿಸಿನೀರಿನಲ್ಲಿ ಜಾಲಿಸಿ, ಲೀಟರ್‌ಗೆ ಒಂದು ಚಮಚ ವಿನೆಗರ್ ಹಾಕಿದ ನೀರಿನಲ್ಲಿ ಅದ್ದಿ, ಮತ್ತೆ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸಿಗುವುದು ತಿಳಿಗಂದು ಬಣ್ಣದ ನಾರು, ತಕಲಿಯಲ್ಲಿ ಚೆನ್ನಾಗಿ ನೂಲುತ್ತದೆ.

ಈಗ ಸಾಕುವ ಪ್ರಶ್ನೆ. ಇದಕ್ಕೆ ನನ್ನ ಉತ್ತರ ‘ಸಾಕುವುದು ಬೇಡ’ ಎಂದೇ. ಜೀವಂತ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಅನುಮತಿಪತ್ರವಿಲ್ಲದೆ ಭಾರತಕ್ಕೆ ತರುವಂತಿಲ್ಲ, ಸಸ್ಯ ಕ್ವಾರಂಟೈನ್ ನಿಯಮಗಳು ಜೀವಂತ ಕೀಟಕ್ಕೂ ಅನ್ವಯಿಸುತ್ತವೆ. ನಿಯಮದ ಹಿಂದಿನ ಕಾರಣ ನಿಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. 1980ರಲ್ಲಿ ಹೊರರಾಜ್ಯದಿಂದ ಬಂದ ಗೂಡುಗಳ ಜೊತೆ, ರೇಷ್ಮೆಹುಳದ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅಂದಿನಿಂದ ಇಂದಿನವರೆಗೆ ರೈತರು ಹುಳುಮನೆಯ ಕಿಟಕಿಗೆ ಪರದೆ ಕಟ್ಟುವುದು ತಪ್ಪಿಲ್ಲ. ಗೊನೊಮೆಟಾ ಗೂಡಿನೊಳಗೂ ಪರಾವಲಂಬಿ ನೊಣಗಳಿವೆ, ಅವು ಊಜಿಯದೇ ಕುಟುಂಬವಾದ ಟ್ಯಾಕಿನಿಡೇಗೆ ಸೇರಿದವು. ಜೊತೆಗೆ ಹಲವು ಬಗೆಯ ಕಣಜಗಳು. ಹೊರಗಿನಿಂದ ನೋಡಿ ಯಾವ ಗೂಡಿನಲ್ಲಿ ಪತಂಗವಿದೆ, ಯಾವುದರಲ್ಲಿ ನೊಣವಿದೆ ಎಂದು ಹೇಳಲಾಗದು.

ಇನ್ನು ಹುಳುವಿನ ಕಡೆಯಿಂದ ನೋಡಿದರೂ ಇದು ಬೆಳೆ ಲೆಕ್ಕಕ್ಕೆ ಒಗ್ಗುವುದಿಲ್ಲ. ಒಡೆಯುವ ದಿನ ಗೊತ್ತಿಲ್ಲದ ಗೂಡಿನಿಂದ ಚಾಕಿ (ಎಳೆ ಹುಳುಗಳ ಸಾಕಣೆ) ಕಟ್ಟುವುದು ಹೇಗೆ? ತಟ್ಟೆಯಲ್ಲಿ ಸೊಪ್ಪು ಹಾಕಿ ಸಾಕಲು ಹೋದರೆ ಪ್ರತಿದಿನ ಕೆಲಸಗಾರರ ಕೈಗೆ ಮುಳ್ಳುಗೂದಲು. ಕೀನ್ಯಾದಲ್ಲಿ ಐಸಿಪೆಯವರು ಹಿಡಿದ ದಾರಿ ಮರದ ಮೇಲೆಯೇ ಸಾಕುವುದು: ಜೀವಂತ ಕೊಂಬೆಗೆ ಬಲೆಯ ಚೀಲ ತೊಡಿಸಿ, ಎಳೆ ಹುಳುಗಳನ್ನು ಒಳಗೆ ಬಿಟ್ಟು, ಸೊಪ್ಪು ಮುಗಿದಂತೆ ಚೀಲವನ್ನು ಬೇರೆ ಕೊಂಬೆಗೆ ವರ್ಗಾಯಿಸುವುದು. ಹಕ್ಕಿ, ಕಣಜ, ನೊಣದ ಕಾಟ ಇದರಿಂದ ತಗ್ಗಿ ಹೆಚ್ಚು ಹುಳುಗಳು ಗೂಡಿಗೆ ಬರುತ್ತವೆ. ಚೀಲದಲ್ಲಿ ಹುಳ ಹೆಚ್ಚಾದರೆ ಸೊಪ್ಪು ಸಾಲದೆ ಸೊರಗುತ್ತವೆ. ಹಿಕ್ಕೆ ತೆಗೆಯದಿದ್ದರೆ ಒಳಗೆ ತೇವ ನಿಂತು ರೋಗ. ಇದು ಅಲ್ಲಿಯ ಕಾಡಿನಲ್ಲಿ, ಅಲ್ಲಿಯ ಹುಳಕ್ಕೆ ಮಾಡುವ ಆರೈಕೆ. ಕಾಡುರೇಷ್ಮೆಯಲ್ಲಿ ನಿಮಗೆ ನಿಜವಾದ ಆಸಕ್ತಿಯಿದ್ದರೆ ನಮ್ಮದೇ ತಸರ್ ಇದೆ, ಮತ್ತಿ, ಹೊಳೆಮತ್ತಿ ಸೊಪ್ಪಿನ ಹುಳ. ರಾಂಚಿಯ ಕೇಂದ್ರೀಯ ತಸರ್ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಅದಕ್ಕೆ ತರಬೇತಿ ಕೊಡುತ್ತದೆ.

ಇಡಿ ಗೂಡನ್ನು ಕೀಳುವುದರ ಬೆಲೆ ಏನೆಂಬ ಮಾತು ಬಾಕಿ ಇತ್ತು. ಗೊನೊಮೆಟಾ ಸಂಖ್ಯೆ ವರ್ಷದಿಂದ ವರ್ಷಕ್ಕೆ ವಿಪರೀತ ಏರಿಳಿಯುತ್ತದೆ. ಒಂದು ವರ್ಷ ಮರಗಳನ್ನು ಬೋಳು ಮಾಡುವಷ್ಟು ಹುಳ, ಕೆಲವು ವರ್ಷ ಹುಡುಕಿದರೂ ಸಿಗದಷ್ಟು ವಿರಳ. ಇಳಿತದ ವರ್ಷದಲ್ಲಿ ಉಳಿದ ನಾಲ್ಕು ಜೀವಂತ ಗೂಡುಗಳನ್ನೂ ಕಿತ್ತರೆ ಮುಂದಿನ ಏರಿಕೆಗೆ ಬೀಜವೇ ಇರುವುದಿಲ್ಲ. ತೂಕದ ಮೇಲೆ ಕೊಳ್ಳುವ ಕಡೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಪ್ಯೂಪಾ ಇರುವ ಗೂಡು ಖಾಲಿ ಗೂಡಿಗಿಂತ ಎಷ್ಟೋ ಪಟ್ಟು ತೂಗುತ್ತದೆ. ಅದಕ್ಕೇ ಅಲ್ಲಿ ಈ ಕೆಲಸವನ್ನು ಬಲ್ಲವರು ಪತಂಗ ಹಾರಿಹೋದ ಗೂಡನ್ನಷ್ಟೇ ಆರಿಸಬೇಕು ಎನ್ನುತ್ತಾರೆ. ಇದು ಒಪ್ಪಲೇಬೇಕಾದ ಮಾತು.

ಖಾಲಿ ಗೂಡನ್ನು ಗುರುತಿಸುವುದು ಸುಲಭ. ಒಂದು ತುದಿಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು, ಅಂಚಿನಲ್ಲಿ ಎಳೆ ಕೆದರಿಕೊಂಡಿದ್ದರೆ ಅದು ಪತಂಗ ಹೋದ ದಾರಿ. ಗೋಡೆಯಲ್ಲಿ ಕೆಲವೇ ಮಿಲಿಮೀಟರ್‌ನ ದುಂಡು ತೂತುಗಳಿದ್ದರೆ ಕಣಜ ಅಥವಾ ನೊಣ ಬಂದದ್ದು, ಒಳಗೆ ಸತ್ತ ಪ್ಯೂಪಾ ಇರುತ್ತದೆ. ಪಕ್ಕೆಯಲ್ಲಿ ಹರಿದ ಗಂಡಿ ಹಕ್ಕಿಯದೋ ಇಲಿಯದೋ ಕೆಲಸ. ತೂತೇ ಇಲ್ಲದಿದ್ದರೆ ಕೈಯಲ್ಲಿಟ್ಟು ಮೆಲ್ಲಗೆ ಅಲ್ಲಾಡಿಸಬೇಕು. ಭಾರವಾಗಿದ್ದು ಒಳಗಿನಿಂದ ಮೆತ್ತಗೆ ತಟ್ಟಿದಂತಾದರೆ ಜೀವವಿದೆ, ಮರದಲ್ಲೇ ಬಿಡಬೇಕು. ಹಗುರವಾಗಿದ್ದು ಗಲಗಲ ಎಂದರೆ ಒಣಗಿ ಸತ್ತಿದೆ. ಬಣ್ಣವೂ ಸ್ವಲ್ಪ ಸುಳಿವು ಕೊಡುತ್ತದೆ: ಹೊಸ ಗೂಡು ಕಂದು, ವರ್ಷಗಟ್ಟಲೆ ಬಿಸಿಲುಂಡದ್ದು ಬೂದು-ಬಿಳಿ.

ಖಾಲಿ ಗೂಡು ಆರಿಸುವುದರಿಂದ ದನ ಕಾಯುವವರಿಗೂ ಉಪಕಾರ. ಬರಗಾಲದ ಚಳಿಗಾಲದಲ್ಲಿ ಹುಲ್ಲಿಲ್ಲದೆ ದನಗಳು, ಕಾಡಿನ ಜಿಂಕೆಗಳು ಮುಳ್ಳುಮರದ ಕಾಯಿಗಳನ್ನು ಆರಿಸಿ ತಿನ್ನುತ್ತವೆ. ಅದೇ ಕೊಂಬೆಯಲ್ಲಿ, ಅದೇ ಗಾತ್ರದಲ್ಲಿರುವ ಗೂಡುಗಳೂ ಹೊಟ್ಟೆ ಸೇರುತ್ತವೆ. ರೇಷ್ಮೆ ಜೀರ್ಣವಾಗುವುದಿಲ್ಲ. ಮೊದಲ ಹೊಟ್ಟೆಯಲ್ಲಿ ಅಂಟು ಬಿಟ್ಟು ಎಳೆಗಳು ಹೆಣೆದುಕೊಂಡು ಮುದ್ದೆಯಾಗಿ ದಾರಿ ಕಟ್ಟುತ್ತವೆ. ಮೇವು ಮುಂದೆ ಹೋಗದೆ ದನ ಸಾಯುತ್ತದೆ. ಕಾಲಹಾರಿಯಲ್ಲಿ ಇಂಥ ಸಾವುಗಳು ದಾಖಲಾಗಿವೆ.

ನಿಮ್ಮ ಕೈಯ ತುರಿಕೆ ಇನ್ನೂ ಇದ್ದರೆ ಉಜ್ಜಬೇಡಿ, ಕೂದಲು ಇನ್ನಷ್ಟು ಒಳಗೆ ಇಳಿಯುತ್ತದೆ. ಅಗಲವಾದ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಕಿತ್ತರೆ ಕೂದಲು ಅದಕ್ಕೆ ಹತ್ತಿ ಬರುತ್ತದೆ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಹೋಗಿದ್ದರೆ ಮನೆಮದ್ದು ಬೇಡ, ಕಣ್ಣಿನ ವೈದ್ಯರಿಗೆ ತೋರಿಸಿ. ಸರವನ್ನು ಮಕ್ಕಳ ಕೈಗೆ ಕೊಡದೆ ಗಾಜಿನ ಪೆಟ್ಟಿಗೆಯಲ್ಲಿಡಿ. ಅದಕ್ಕೂ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿ ಒಂದು ವಾರ ಇಡುವುದು ಒಳ್ಳೆಯದು. ಪ್ಯೂಪಾದ ಚೂರು ಒಳಗೆ ಉಳಿದಿದ್ದರೆ ಅದಕ್ಕೆ ಡರ್ಮೆಸ್ಟಿಡ್ ದುಂಬಿ ಹತ್ತುತ್ತದೆ, ಗೂಡು ಕೂಡಿಡುವ ನಿಮ್ಮ ಮನೆಯಲ್ಲಿ ಅದು ಹಿಪ್ಪುನೇರಳೆ ಗೂಡಿಗೂ ಹಬ್ಬಬಹುದು. ಚೀಲವನ್ನು ಫ್ರೀಜರ್‌ನಿಂದ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಗೂಡಿನ ಮೇಲೆ ನೀರು ಕೂತು ಬೂಷ್ಟು ಬರುತ್ತದೆ.